ಮೊದಲನೆಯ ಹೆಸರು

ಕೊರ್ರಾದೊ ಸ್ಯಾಕ್ಸೊಫೋನನ್ನು ತುಟಿಯಿಂದ ಸರಿಸಿದ್ದೇ ತಡ, ಇಟಲಿಯ ಬ್ರೆಶಾ ನಗರದ ರಂಗಮಂದಿರದಲ್ಲಿ ಚಪ್ಪಾಳೆ ಮೊಳಗಿತು. ಜಾಝ್ ಕೇಳುವವರ ರೂಢಿಯೇ ಹಾಗೆ, ಹಾಡು ಮುಗಿಯುವತನಕ ಕಾಯುವುದಿಲ್ಲ. ಒಬ್ಬ ವಾದಕ ಒಂಟಿಯಾಗಿ ನುಡಿಸುವ ಸರದಿ ಮುಗಿದರೆ ಸಾಕು, ನಡುವೆಯೇ ತಟ್ಟಿಬಿಡುತ್ತಾರೆ. ಆ ಗದ್ದಲದಲ್ಲೇ ಅವನು ಮೈಕಿಗೆ ಬಾಗಿ, ಉಕ್ಕಿನ ಕುಲುಮೆಯಲ್ಲಿ ಸುಟ್ಟುಹೋದ ಐವರು ಕಾರ್ಮಿಕರ ಹೆಸರು ಹೇಳತೊಡಗಿದ. ಮೊದಲನೆಯದು ಅವನಿಗೇ ಕೇಳಿಸಲಿಲ್ಲ. ಎರಡನೆಯದರ ಹೊತ್ತಿಗೆ ಸಭೆ ತಣ್ಣಗಾಗಿತ್ತು.

ಮೊದಲನೆಯ ಹೆಸರಿನವನ ತಾಯಿ ನೊರ್ಮಾ ಮುಂದಿನ ಸಾಲಿನಲ್ಲಿ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಕೊರ್ರಾದೊ ಬೆವರು ಒರೆಸಿಕೊಳ್ಳುತ್ತ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹೇಗಿತ್ತಮ್ಮ? ಇಪ್ಪತ್ತು ವರ್ಷದಲ್ಲಿ ನಮ್ಮ ಹೋರಾಟದ ಹಾಡನ್ನ ಇಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ."

"ಹೌದಪ್ಪ, ಈಗ ಭಾರಿ ನುಡಿಸ್ತೀಯ," ಎಂದಳು ನೊರ್ಮಾ, ಅವನ ಕೋಟಿನ ಬಿಚ್ಚಿದ್ದ ಗುಂಡಿ ಹಾಕುತ್ತ. "ಮುಷ್ಕರದಲ್ಲಿ ಕಾರ್ಖಾನೆ ಗೇಟಿನ ಮುಂದೆ ನುಡಿಸ್ತಿದ್ಯಲ್ಲ, ಆಗ ನಿನಗೆ ಅಷ್ಟೇನೂ ಬರ್ತಿರಲಿಲ್ಲ. ಒಬ್ಬರೂ ಚಪ್ಪಾಳೆ ಹೊಡೀತಿರಲಿಲ್ಲ. ನನ್ನ ಎಲ್ವಿಯೊ ಹೆಸರು ಎಲ್ಲರಿಗೂ ಕೇಳಿಸ್ತಿತ್ತು."