ಹಗ್ಗದ ಗಂಟು

ಟೆರೇಸಿನಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಮಳೆಗೆ ನೆಂದು ನಾರಿದರೆ ಈಗಲೂ ನನ್ನ ಸೊಂಟ ಬಿಗಿಯುತ್ತದೆ.

ಆಗ ನನಗೆ ಎಂಟು ವರ್ಷ. ಬಸವೇಶ್ವರನಗರದಿಂದ ಅಂಥದೇ ಹಗ್ಗ, ಸ್ಕೂಟರಿಗೆ ಹೊದಿಸುವ ಟಾರ್ಪಾಲು ಒಯ್ದು ಕಾಡುಹೊಳೆಯ ದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಅಮ್ಮ ನೀರಿಗಿಳಿಯಬೇಡ ಎಂದಿದ್ದಳು. ಅವಳು ಅತ್ತ ಹೋದದ್ದೇ ಚಿಕ್ಕಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, "ಇಳಿಯೋ, ನಾನ್ ಹಿಡ್ಕೊಂಡಿರ್ತೀನಿ" ಎಂದ.

ಸೆಳೆತದಲ್ಲಿ ನಿಂತು ಅಮ್ಮನನ್ನೇ ಅಣಕಿಸಿದೆ: "ನೆಗಡಿ ಆಗುತ್ತೆ ಕಣೋ, ಕೋತಿ!"

ಯಾರೂ ನಗಲಿಲ್ಲ. ತಿರುಗಿದರೆ ಹಗ್ಗದ ತುದಿ ಮರಕ್ಕೆ ಕಟ್ಟಿತ್ತು. ಚಿಕ್ಕಪ್ಪ ದೂರದ ಬಂಡೆಯ ಮೇಲೆ ಮೊಬೈಲ್ ಎತ್ತಿಹಿಡಿದು ಸಿಗ್ನಲ್ ಹುಡುಕುತ್ತಿದ್ದ.

ಕಾಲು ಜಾರಿತು. ಹಗ್ಗ ಹಿಡಿದು ತೆವಳಿ ಬರುವಷ್ಟರಲ್ಲಿ ಅಮ್ಮ ಓಡಿಬಂದಿದ್ದಳು.

"ಇವನೇ ಕಟ್ಕೊಂಡು ಇಳಿದಿದಾನೆ ಅತ್ತಿಗೆ," ಎಂದ ಬಂಡೆಯಿಂದಿಳಿದು ಬಂದ ಚಿಕ್ಕಪ್ಪ.

ನನ್ನ ಕೈಗೆಟುಕದಂತೆ ಬೆನ್ನ ಹಿಂದಿದ್ದ ಗಂಟನ್ನು ಬಿಚ್ಚುತ್ತಾ, ಅಮ್ಮ ನನ್ನೊಬ್ಬನನ್ನೇ ಬೈದಳು.