ವರದಿಗೆ ಸೇರದ ಕ್ಯಾಮೆರಾ

ಕದ್ದು ಕೇಳುವ ಯಂತ್ರಗಳನ್ನು ಪತ್ತೆ ಹಚ್ಚುವುದು ಗುಣವತಿಯ ಕಸುಬು. ತನ್ನ ಮಾತುಗಳು ಹೊರಗೆ ಸೋರುತ್ತಿವೆ ಎಂದು ಗಾರ್ಮೆಂಟ್ಸ್ ಮಾಲೀಕ ಅವಳನ್ನು ಕರೆಸಿದ್ದ. ಅವನ ಕೋಣೆಯಲ್ಲಿ ಏನೂ ಸಿಗಲಿಲ್ಲ. ಆದರೆ ಅವಳ ಕೈಯಲ್ಲಿದ್ದ ಉಪಕರಣ ಗೋಡೆಯತ್ತ ಹಿಡಿದಾಗಲೆಲ್ಲ ಕೂಗುತ್ತಿತ್ತು. ಗೋಡೆಯಾಚೆ ಹೆಂಗಸರು ಬಟ್ಟೆ ಬದಲಿಸುವ ಕೋಣೆ. ಅಲ್ಲಿನ ಫ್ಯಾನಿನ ಬುಡದಿಂದ ಅವಳು ಪುಟ್ಟ ಕ್ಯಾಮೆರಾವೊಂದನ್ನು ಕಿತ್ತು ತಂದಳು.

"ಅದು ನಮ್ದೇ ಮೇಡಂ. ಬಟ್ಟೆ ಕದೀತಾರೆ ಅಂತ ಇಟ್ಟಿದ್ದು," ಎಂದ ಮಾಲೀಕ ದನಿ ತಗ್ಗಿಸಿ. "ರಿಪೋರ್ಟಲ್ಲಿ ಮಾತ್ರ ಬರೀಬೇಡಿ."

ಗುಣವತಿ ಕ್ಯಾಮೆರಾವನ್ನು ಅವನಿಗೆ ಕೊಡದೆ ಮುಷ್ಟಿಯಲ್ಲೇ ಇಟ್ಟುಕೊಂಡಳು.

"ಒಂದಕ್ಷರಾನೂ ಬರೆಯಲ್ಲ ಸರ್."

ಅವನು ನೆಮ್ಮದಿಯ ಉಸಿರು ಬಿಟ್ಟ.

ಅವಳು ನೇರವಾಗಿ ಹೊಲಿಗೆ ಹಾಲಿಗೆ ನಡೆದು, ಸ್ಟೂಲು ಹತ್ತಿ, ಇನ್ನೂರು ಹೆಂಗಸರೆದುರು ಕ್ಯಾಮೆರಾವನ್ನು ಎತ್ತಿ ಹಿಡಿದಳು: "ಅಕ್ಕಂದಿರೇ, ಮಿಷನ್ ನಿಲ್ಲಿಸ್ರಿ. ಇದು ನಿಮ್ಮ ರೂಮಲ್ಲಿ ಸಿಕ್ತು."