ಹೊಲಿಗೆ ಮೇಲಿನ ದಿಂಬು

"ಅದೂ ಒಂದು ಹಾಸ್ಯವೇನ್ರೀ? ಮಾವ ಬೀಳೋದು, ಅಳಿಯ ಎತ್ತೋದು, ಹಿಂದಿನಿಂದ ಯಾರೋ ಗೊಳ್ಳಂತ ನಗೋದು! ಕೊಡ್ರೀ ರಿಮೋಟು!" ಎದುರು ಮಂಚದ ಮೇಷ್ಟ್ರು ಗುಡುಗಿದರು.

ಬಸ್ ಡ್ರೈವರ್ ರಿಮೋಟನ್ನು ಎದೆಗೆ ಒತ್ತಿಕೊಂಡ. ಇಬ್ಬರಿಗೂ ಒಂದೇ ದಿನ ಹರ್ನಿಯಾ ಆಪರೇಷನ್ ಆಗಿತ್ತು; ವಾರ್ಡಿಗಿದ್ದದ್ದು ಒಂದೇ ಟಿವಿ. "ನಿಮ್ಮ ಆಫೀಸ್ ಸೀರಿಯಲ್‌ಗಿಂತ ವಾಸಿ ಬಿಡಿ. ನಾಲ್ಕು ಜನ ಗುಮಾಸ್ತರು ಮುಖ ಗಂಟು ಹಾಕ್ಕೊಂಡು ಕೂತಿರ್ತಾರೆ. ಎಲ್ಲಿ ನಗಬೇಕು ಅಂತ ನೀವೇ ಬೋರ್ಡ್ ಮೇಲೆ ಬರೆದು ತೋರಿಸ್ಬೇಕು."

"ಅದಕ್ಕೆ ತಲೇಲಿ ಏನಾದ್ರೂ ಇರ್ಬೇಕು. ನಿಮ್ಮ ಈ ಮಂಗನಾಟ ನಾನು ಒಂದು ದಿನವೂ ನೋಡಿದವನಲ್ಲ."

ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. ಬೇಕೆಂದೇ ವಾಲ್ಯೂಮ್ ಏರಿಸಿದ. ಅವನು ಡ್ಯೂಟಿಯಲ್ಲಿದ್ದಾಗ ತಪ್ಪಿಹೋಗಿದ್ದ ಹಳೆಯ ಕಂತು ಮತ್ತೆ ಬರುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತು ತನ್ನ ಪಾಡಿಗೆ ಪೇಪರ್ ಓದುತ್ತಿದ್ದ.

ಕೆಮ್ಮಿದರೆ, ನಕ್ಕರೆ ಹೊಲಿಗೆಯ ಮೇಲೆ ಒತ್ತಿ ಹಿಡಿಯಿರೆಂದು ಸಿಸ್ಟರ್ ಇಬ್ಬರಿಗೂ ಒಂದೊಂದು ಪುಟ್ಟ ದಿಂಬು ಕೊಟ್ಟಿದ್ದರು. ಮೇಷ್ಟ್ರದ್ದು ಮೂರು ದಿನದಿಂದ ಕಾಲ ಬಳಿ ಹಾಗೇ ಬಿದ್ದಿತ್ತು. ಈಗ ಅವರು ಸರಕ್ಕನೆ ಬಗ್ಗಿ ಅದನ್ನು ಎಳೆದುಕೊಂಡರು, ಹೊಟ್ಟೆಗೆ ಅವುಚಿ ಹಲ್ಲು ಕಚ್ಚಿ ಕೂತರು.

"ದಿಂಬು ಯಾಕೆ?" ಎಂದ ಡ್ರೈವರ್.

"ಕೆಮ್ಮು."

ಟಿವಿಯಲ್ಲಿ ಮಾವ ನಿಧಾನವಾಗಿ ಪೇಪರಿನ ಹಾಳೆ ತಿರುವಿದ, ಕನ್ನಡಕ ಸರಿ ಮಾಡಿಕೊಂಡ. ಆಮೇಲೆ ಕುರ್ಚಿಯ ಕಾಲು ಲಟಕ್ಕನೆ ಮುರಿಯಿತು.

ಡ್ರೈವರ್ ನಗಲಿಲ್ಲ. ದಿಂಬಿನ ಹಿಂದೆ ಕುಲುಕುತ್ತಿದ್ದ ಹೊಟ್ಟೆಯನ್ನೇ ದುರುಗುಟ್ಟಿ ನೋಡಿದ.

"ಇದನ್ನ ನೋಡ್ತಿರೋದು ಎಷ್ಟನೇ ಸಲ ಮೇಷ್ಟ್ರೇ?"